ಒಂಟಿ ಸೀನಿಲ್ಲದ ಮನೆ

ನಮ್ಮ ಅತ್ತೆಯ ಮನೆಯಲ್ಲಿ ಯಾರೂ ಒಂದೇ ಸಲ ಸೀನುತ್ತಿರಲಿಲ್ಲ. ಒಂಟಿ ಸೀನು ಅಪಶಕುನ, ಹಿಂದೆಯೇ ಇನ್ನೊಂದು ಬಿದ್ದರೆ ದೋಷ ಹೋಯಿತು ಎಂಬುದು ಹಳೇಬೀಡಿನ ಕಡೆಯ ನಂಬಿಕೆ. ರಾಗಿ ಒಕ್ಕಣೆಗೆ ಕಣಕ್ಕಿಳಿದರೆ ಸಾಕು, ಮಾವ, ಮೈದುನ, ನನ್ನ ಗಂಡ, ಮೂವರೂ ಕಣ್ಣುಜ್ಜಿಕೊಳ್ಳುತ್ತ ಸಾಲುಸಾಲಾಗಿ ಸೀನುವವರೇ. ನಮ್ಮನೆಯಲ್ಲಿ ಒಂಟಿ ಸೀನೇ ಇಲ್ಲ ಎಂದು ಅತ್ತೆಗೆ ಜಂಬವೋ ಜಂಬ. ಮದುವೆಯಾದ ಹೊಸತರಲ್ಲಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಿರಬೇಕು, ಮಗಳು ಇನ್ನೂ ಸಣ್ಣವಳು. ಒಕ್ಕಣೆ ಮುಗಿಯುವ ಹೊತ್ತಿಗೆ ಅವಳಿಗೆ ಉಬ್ಬಸ ಶುರುವಾಯಿತು. ಬಿಕ್ಕೋಡಿನಲ್ಲಿದ್ದ ನನ್ನಪ್ಪನಿಗೂ ಉಬ್ಬಸವಿತ್ತು. ಅತ್ತೆಗೆ ಅಷ್ಟೇ ಸಾಕಾಯಿತು. ಮೊಮ್ಮಗಳನ್ನು ನೋಡಲು ಬಂದಿದ್ದ ಅಪ್ಪನ ಎದುರಿಗೇ, ‘ಇದು ನಿಮ್ ಕಡೆಯಿಂದ್ಲೇ ಬಂದಿದ್ದು ಕಣ್ರೀ’ ಎಂದುಬಿಟ್ಟರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದವರು ತಿಂಗಳುಗಟ್ಟಲೆ ಬರಲಿಲ್ಲ. ನನ್ನಿಂದ ಆ ಕೂಸಿಗೆ ಆಗಿದ್ದೇ ಸಾಕು ಎಂದು ಹೇಳಿಕಳಿಸಿದರು. ತಾತ ಯಾವಾಗ ಬರುತ್ತಾರೆ ಎಂದು ಮಗಳು ದಿನಾ ಕೇಳುತ್ತಿದ್ದಳು. ಅತ್ತೆಯ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉಬ್ಬಸ ಮತ್ತೆ ಮತ್ತೆ ಬಂದಾಗ ಅರಸೀಕೆರೆಯ ಡಾಕ್ಟರಲ್ಲಿಗೆ ಹೋದೆವು. ಅತ್ತೆಯೂ ಬಂದರು. ಮನೆಯಲ್ಲಿ ಯಾರಿಗಾದರೂ ಸೀನು, ಕಣ್ಣುತುರಿಕೆ ಇದೆಯಾ ಎಂದು ಡಾಕ್ಟರು ಕೇಳಿದ್ದೇ ತಡ, ಅತ್ತೆ ಸಾಲು ಸೀನಿನ ಹೆಗ್ಗಳಿಕೆಯನ್ನೆಲ್ಲ ಬಿಚ್ಚಿಟ್ಟರು. ಡಾಕ್ಟರು ನಗಲಿಲ್ಲ. ಆ ಸೀನೂ ಈ ಉಬ್ಬಸವೂ ಒಂದೇ ಬಳ್ಳಿಯ ಕಾಯಿ ಎಂದರು. ವಂಶವಾಹಿಗಳಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳು ತಂದೆಯಿಂದ ಒಂದಿಷ್ಟು, ತಾಯಿಯಿಂದ ಒಂದಿಷ್ಟು ಬಂದು ಸೇರುತ್ತವೆ. ಬಂದವರಿಗೆಲ್ಲ ಕಾಯಿಲೆ ಆಗಲೇಬೇಕೆಂದಿಲ್ಲ, ಧೂಳು ಹೊಗೆ ಕೆಣಕಿದಾಗ ಏಳುತ್ತದೆ ಎಂದು ಬಿಡಿಸಿ ಹೇಳಿದರು. ಬಾಯಿಂದ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟು, ಮಗುವನ್ನು ಕಣದ ಹತ್ತಿರ ಬಿಡಬೇಡಿ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿ ಅಯ್ಯೋ ಪಾಪ ಎನಿಸಿತು.

ಮಾರನೆಯ ಬೆಳಿಗ್ಗೆ ಅತ್ತೆಯೇ ಮಗಳನ್ನೂ ನನ್ನನ್ನೂ ಹೊರಡಿಸಿಕೊಂಡು ತಾವೂ ಹೊರಟರು. ಬೇಲೂರಿನಲ್ಲಿ ಬಸ್ಸು ಬದಲಿಸಿ ಬಿಕ್ಕೋಡಿಗೆ ಹೋದೆವು. ಜಗಲಿಯಲ್ಲಿದ್ದ ಅಪ್ಪ ಓಡಿಬಂದ ಮಗುವನ್ನು ಕಂಡು ಹಿಂದೆ ಸರಿದರು. ಅತ್ತೆ ಅವಳನ್ನು ಎತ್ತಿ ಅವರ ತೋಳಿಗೇ ಕೊಟ್ಟರು.

‘ನಿಮ್ಮೊಬ್ಬರದೇ ಅಲ್ಲ ಬೀಗರೇ, ಇದ್ರಲ್ಲಿ ನಮ್ದೂ ಪಾಲೈತೆ. ಎತ್ಕೊಳ್ಳಿ.’

ಅಪ್ಪ ಎತ್ತಿಕೊಂಡರು. ಮಗಳು ಅವರ ಎದೆಗೆ ಕಿವಿಯಿಟ್ಟು, ‘ತಾತ, ನಿಂಗೂ ನನ್ ಥರಾನೇ ಸದ್ದು ಬತ್ತೈತೆ’ ಎಂದಳು. ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಅಪ್ಪ ಅತ್ತುಬಿಟ್ಟರು.