ಶಾಕಪ್ಪು ಮತ್ತು ಅಪ್ಪನ ಕಿವಿ

ನನ್ನ ಸೈಕಲ್ಲಿನ ಮುಂದಿನ ಗಾಲಿಗೆ ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಇತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಹಾಂತೇಶ ನಗರದ ನಮ್ಮ ಓಣಿಯಲ್ಲಿ ಅಂಥ ಸೈಕಲ್ ನನ್ನದೊಂದೇ. ಕ್ಯಾಂಪಿನಿಂದ ವರ್ಗವಾಗಿ ಹೊರಟಿದ್ದ ಮಿಲಿಟರಿ ಸಾಹೇಬರೊಬ್ಬರ ಮನೆಯಿಂದ ಅಪ್ಪ ಅದನ್ನು ತಂದಿದ್ದ. ದಪ್ಪ ಟಾಯರು, ಗೇರು, ಕಲ್ಲು ತಾಗಿದರೆ ಒಳಗಿಳಿದು ಮತ್ತೆ ಮೇಲೇಳುವ ಸ್ಪ್ರಿಂಗು. ಅದರ ಮೇಲೆ ಕುಳಿತ ನಾನು ಮಾತ್ರ ಒಣಗಲು ಹಾಕಿದ ಪ್ಯಾಂಟಿನಂತೆ ಕಾಣುತ್ತಿದ್ದೆ. ಬೇರೆಯವರು ಹೇಳುವ ಮೊದಲು ನಾನೇ ಹಾಗೆ ಹೇಳಿಬಿಡುತ್ತಿದ್ದೆ. ಓಣಿಯವರೆಲ್ಲರ ಕೆಮ್ಮು, ನಡಿಗೆ, ಮಾತು ನಕಲು ಮಾಡುವವನು ತನ್ನೊಬ್ಬನನ್ನು ಬಿಟ್ಟರೆ ಒದೆ ತಿನ್ನುತ್ತಾನೆ.

ಅಪ್ಪ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಕಬ್ಬಿಣ ಕಡೆಯುವ ಯಾವ ಲೇತ್ ಮಷೀನು ತಕರಾರು ಮಾಡಿದರೂ ಅವನನ್ನು ಕರೆಯುತ್ತಿದ್ದರು. ಅವನು ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ಅದರ ಬಾಜು ನಿಂತು ಕೇಳಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ. ಅವನು ‘ಚಾಲೂ ಮಾಡ್ರಿ’ ಎಂದರೆ ಮಾತ್ರ ಮಷೀನು ಕೆಲಸಕ್ಕೆ. ನಾನು ಇದನ್ನೂ ಬಿಡುತ್ತಿರಲಿಲ್ಲ. ಅವ್ವ ಮಿಕ್ಸರ್ ಹಚ್ಚಿದಾಗ ಅಪ್ಪನಂತೆ ತಲೆ ವಾರೆ ಮಾಡಿ ನಿಂತು, ‘ಇದರ ಆಯುಷ್ಯ ಮುಗದೈತ್ರಿ ಬಾಯಾರ’ ಎನ್ನುತ್ತಿದ್ದೆ. ಅಪ್ಪನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ.

ಆ ವರ್ಷ ಅವನ ನಗು ಕಡಿಮೆಯಾಗಿತ್ತು. ಅವನು ಕೇಳಿ ಪಾಸ್ ಮಾಡಿದ ದೊಡ್ಡ ಲೇತೊಂದು ಕೆಲವೇ ದಿನಗಳಲ್ಲಿ ಜಾಮ್ ಆಗಿ ನಿಂತಿತು. ಮಾಲಕರು ಬೈಯಲಿಲ್ಲವಂತೆ, ಇನ್ನೊಮ್ಮೆ ಹೀಗಾದರೆ ಯೋಚನೆ ಮಾಡಬೇಕಾಗುತ್ತದೆ ಎಂದರಂತೆ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವ್ವ ಹೇಳಿದಳು. ಬೇರಿಂಗಿನ ಮಾಲೇ ಖೊಟ್ಟಿ ಎಂದು ಅಪ್ಪ ಊಟಕ್ಕೆ ಕುಳಿತಾಗಲೆಲ್ಲ ವಾದಿಸುತ್ತಿದ್ದ. ಎದುರು ವಾದಿಸುವವರು ಯಾರೂ ಇರಲಿಲ್ಲ. ಆ ಕೆಲಸ ಬಿಟ್ಟರೆ ನಮ್ಮ ಮನೆಗೆ ಬೇರೆ ಆಧಾರವೂ ಇರಲಿಲ್ಲ.

ಅಂಥದರಲ್ಲಿ ನನ್ನ ಶಾಕಪ್ ಬಿಗಿಯಾಯಿತು. ಒತ್ತಿದರೆ ಇಳಿಯದು, ಇಳಿದರೆ ಏಳದು. ಅಂಗಡಿಗೆ ಒಯ್ಯುತ್ತೇನೆ ಎಂದರೆ ಅಪ್ಪನಿಗೆ ಅವಮಾನ. ಒಂದು ರವಿವಾರ ಅಂಗಳದಲ್ಲೇ ಬಿಚ್ಚಿದ. ಕೆಳಗಿನ ಬೋಲ್ಟ್ ತೆಗೆದು, ಕಾಲುಗಳನ್ನು ಎಳೆದು, ಒಳಗಿನ ಸ್ಪ್ರಿಂಗು, ರಾಡು, ರಬ್ಬರಿನ ಬಳೆ ಎಲ್ಲವನ್ನೂ ಬೋಗುಣಿಯಲ್ಲಿ ಚಿಮಣಿ ಎಣ್ಣೆ ಸುರಿದು ನೆನೆಹಾಕಿದ. ಕಬ್ಬಿಣದ ಜೊತೆ ಬಾಳಿದವರಿಗೆ ಚಿಮಣಿ ಎಣ್ಣೆಯಲ್ಲಿ ಮಿಂದದ್ದೆಲ್ಲ ಶುದ್ಧವೇ. ಆಮೇಲೆ ಒರೆಸಿ, ಗ್ರೀಸ್ ಮೆತ್ತಿ, ಜೋಡಿಸಿ ಕೊಟ್ಟ. ಶಾಕಪ್ ಬೆಣ್ಣೆಯ ಹಾಗೆ ಇಳಿಯಿತು, ಎದ್ದಿತು. ಅಪ್ಪ ಬಹಳ ದಿನಗಳ ಮೇಲೆ ಎರಡನೇ ಸಲ ಸಾರು ಹಾಕಿಸಿಕೊಂಡ.

ಮುಂದಿನ ವಾರ ಪೀರನವಾಡಿ ದಾಟಿ ಮಚ್ಛೆಯ ಕಡೆ ಹೊರಟಾಗ ಮುಂದಿನಿಂದ ಟಕ್ ಎಂದಿತು. ಪ್ರತಿ ಗುಂಡಿಗೂ ಟಕ್. ಗಮನಿಸಿದೆ: ಇಳಿಯುವಾಗ ಸುಮ್ಮನೆ, ಮೇಲೇಳುವಾಗ ಸಣ್ಣಗೆ, ಚೂಪಾಗಿ ಟಕ್. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಹ್ಯಾಂಡಲ್ ಹಿಡಿದು ನಾಲ್ಕಾರು ಸಲ ಒತ್ತಿ ಬಿಟ್ಟ. ನನಗೆ ಪ್ರತಿ ಸಲವೂ ಕೇಳಿಸಿತು.

“ಎಲ್ಲೈತಲೇ ಸಪ್ಪಳ? ನಿನ್ನ ತಲ್ಯಾಗ ಐತಿ.”

ಆದರೂ ಬಿಡಲಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹ್ಯಾಂಡಲ್ಲಿನ ಕಪ್ ಸಡಿಲಾಗಿರಬೇಕು ಎಂದ. ಬಿಗಿ ಮಾಡಿದ. ಟಕ್ ಹೋಗಲಿಲ್ಲ. ಗಾಲಿಯ ನಟ್ಟು, ಬ್ರೇಕಿನ ರಬ್ಬರ್ ಗುಟ್ಟಿ, ಕೊನೆಗೆ ಗಂಟೆಯನ್ನೂ ಬಿಚ್ಚಿ ನೋಡಿದೆವು. ಪ್ರತಿ ಸಲ ಅಪ್ಪ ‘ಹೋತು’ ಎನ್ನುವುದು, ನಾನು ‘ಇಲ್ಲ’ ಎನ್ನುವುದು. ತನ್ನ ಕೆಲಸದಲ್ಲಿ ಐಬು ಒಪ್ಪಲು ಅವನಿಗೆ ಮನಸ್ಸಿಲ್ಲ ಎಂದುಕೊಂಡೆ. ಪಕ್ಕದ ಮನೆಯವರ ಮುಂದೆ ಅವನ ದನಿಯಲ್ಲೇ ‘ನಿನ್ನ ತಲ್ಯಾಗ ಐತಿ’ ಎಂದು ಹೇಳಿ ನಗಿಸಿದೆ. ಆ ರಾತ್ರಿ ಅವನು ನನ್ನನ್ನು ಬಿಟ್ಟು ಊಟಕ್ಕೆ ಕುಳಿತ.

ಮರು ರವಿವಾರ ಖಾನಾಪುರದ ಸೋದರಮಾವನ ಮನೆಯಲ್ಲಿ ಊಟವಿತ್ತು. ಮಾವ ಅಲ್ಲಿ ಹಂಚಿನ ಕಾರ್ಖಾನೆಯ ಗುಮಾಸ್ತ. ಅವನ ಕನ್ನಡದ ನಡುವೆ ಆಗಾಗ ಒಂದು ಮರಾಠಿ ಶಬ್ದ. ಅಪ್ಪ ಅವ್ವ ಬಸ್ಸಿನಲ್ಲಿ ಮೊದಲೇ ಹೋಗಿದ್ದರು. ನಾನು ಟಕ್ ಟಕ್ ಎನ್ನಿಸುತ್ತ ಹಿಂದಿನಿಂದ ಸೈಕಲ್ಲಿನ ಮೇಲೆ. ಅಂಗಳಕ್ಕೆ ಬಂದು ಇಳಿಯುವಷ್ಟರಲ್ಲಿ ಮಾವ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಅಳಿಯಾ, ನಿನ್ನ ಗಾಡಿ ಬರೂದು ಹಿತ್ತಲದಾಗ ಕೇಳಸ್ತು. ಮುಂದಿನ ಕಾಲ ಮುರಕೊಂಡೈತೇನು?”

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ತಲೆ ಎತ್ತಿದ. ನಾನು ಗೆದ್ದವನ ಹಾಗೆ ಹ್ಯಾಂಡಲ್ ಹಿಡಿದು ಗಾಲಿಯನ್ನು ನೆಲದಿಂದ ಎತ್ತಿ ಇಳಿಸಿ, ಎತ್ತಿ ಇಳಿಸಿ ತೋರಿಸಿದೆ. ಎತ್ತಿದಾಗಲೆಲ್ಲ ಟಕ್. ಮಾವ ಪ್ರತಿ ಸಲ ಹುಬ್ಬು ಹಾರಿಸಿದ. ಅಪ್ಪ ಸೈಕಲ್ ನೋಡಲಿಲ್ಲ. ಮಾವನ ಹುಬ್ಬು ನೋಡುತ್ತಿದ್ದ.

“ಭಾವೋಜಿ, ಖರೇನ ಕೇಳವಲ್ದೇನ್ರಿ ನಿಮಗ?” ಎಂದು ಮಾವ ನಗುತ್ತಲೇ ಕೇಳಿದ. ಅವ್ವ ಬಾಗಿಲಲ್ಲಿ ನಿಂತವಳು ಒಳಗೆ ಹೋದಳು. ಆಗ ನನಗೆ ಹೊಳೆಯಿತು. ಆರು ತಿಂಗಳಿಂದ ಅವ್ವ ಅಪ್ಪನೊಡನೆ ಕೂಗಿ ಕೂಗಿ ಮಾತಾಡುತ್ತಿದ್ದಳು. ಆ ಕೂಗನ್ನು ನಾನು ಎಷ್ಟು ಚೆನ್ನಾಗಿ ನಕಲು ಮಾಡುತ್ತಿದ್ದೆನೆಂದರೆ, ಅವಳು ಯಾಕೆ ಕೂಗುತ್ತಾಳೆ ಎಂದು ಕೇಳಲೇ ಇಲ್ಲ.

ಊಟವಾದ ಮೇಲೆ ಅಪ್ಪ ನನ್ನನ್ನೂ ಸೈಕಲ್ಲನ್ನೂ ಹಿತ್ತಲಿಗೆ ಕರೆದೊಯ್ದ.

“ನಾ ಎತ್ತಿ ಇಳಸ್ತೇನಿ. ಟಕ್ ಅಂದಾಗೊಮ್ಮೆ ಬೆರಳ ಎತ್ತು.”

ಒಂದು ಕೈಯಲ್ಲಿ ಹ್ಯಾಂಡಲ್ ಎತ್ತುತ್ತ, ಇನ್ನೊಂದು ಅಂಗೈಯನ್ನು ಶಾಕಪ್ಪಿನ ಕಾಲಿಗೆ ಒತ್ತಿ ಹಿಡಿದ. ಟಕ್, ನನ್ನ ಬೆರಳು ಎದ್ದಿತು. ಮತ್ತೆ ಟಕ್, ಮತ್ತೆ ಬೆರಳು. ಅವನ ಕಣ್ಣು ನನ್ನ ಬೆರಳಿನ ಮೇಲಿತ್ತು. ಪೆಟ್ಟು ಕೈಗೆ ತಿಳಿಯುತ್ತಿದೆ, ಕಿವಿಗಲ್ಲ ಎಂದ. ಆಮೇಲೆ ಸೈಕಲ್ ಗೋಡೆಗೆ ಆನಿಸಿ ನನ್ನ ಎದುರು ಕುಕ್ಕರುಗಾಲಲ್ಲಿ ಕುಳಿತ.

“ಈಗ ನೀ ಬಾಯಿಲೆ ಮಾಡು. ಎಲ್ಲಾ ಸಪ್ಪಳ ಮಾಡು.”

ನನ್ನ ಜೀವಮಾನದಲ್ಲಿ ಅಪ್ಪ ತಾನಾಗಿ ನಕಲು ಮಾಡು ಎಂದದ್ದು ಅದೇ ಮೊದಲು. ಮಾವನ ಗುಡುಗುಡು ನಗೆ ಮಾಡಿದೆ. ಕೇಳಿತು ಎಂದು ತಲೆಯಾಡಿಸಿದ. ಎಮ್ಮೆಯಂತೆ ಕೂಗಿದ್ದು ಕೇಳಿತು. ಲೋಂಡಾದ ಕಡೆ ಹೋಗುವ ಗೂಡ್ಸ್ ಗಾಡಿಯ ಎಂಜಿನ್ನೂ ಕೇಳಿತು. ಅವ್ವ ಬಳೆ ಸರಿಸಿಕೊಳ್ಳುವ ಸಪ್ಪಳ ಮಾಡಿದೆ. ಅಪ್ಪ ಕಾಯುತ್ತ ಕುಳಿತಿದ್ದ. ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಶಾಕಪ್ಪಿನ ಟಕ್ ಮಾಡಿದೆ. ಇನ್ನೂ ಕಾಯುತ್ತಿದ್ದ. ಒಣಗಿದ ಬೇರಿಂಗಿನ ಚಿರ್ರೆನ್ನುವ ಸಪ್ಪಳವೂ ನನಗೆ ಬರುತ್ತಿತ್ತು, ಅವನಿಂದಲೇ ಕಲಿತದ್ದು. ಅದನ್ನೂ ಮಾಡಿದೆ.

“ಮಾಡಿದಿ?”

“ಮಾಡಿದ್ನಿ ಅಪ್ಪಾ.”

“ತುಟಿ ಅಳಗ್ಯಾಡಿದ್ದ ಕಂಡ್ತು. ಸಪ್ಪಳ ಬರಲಿಲ್ಲ.”

ನಾನು ಮತ್ತೊಮ್ಮೆ ಜೋರಾಗಿ ಮಾಡಹೋದೆ. ಅವನು ಬೇಡ ಎಂದು ಕೈ ಮಾಡಿದ. “ಅಂದ್ರ ಆ ಲೇತ್ ನನಗ ಮೊದಲ ಹೇಳಿತ್ತು. ನನಗ ಕೇಳಸಲಿಲ್ಲ” ಎಂದ.

ಇಬ್ಬರೂ ಕೂಡಿ ಶಾಕಪ್ ಬಿಚ್ಚಿದೆವು. ಬೋಲ್ಟ್ ತೆಗೆದು ಕಾಲನ್ನು ಎಳೆದಾಗ ಒಳಗಿನ ರಾಡಿನ ಸುತ್ತ ರಬ್ಬರಿನ ಬಳೆ ನೆನೆದ ರೊಟ್ಟಿಯ ಹಾಗೆ ಉಬ್ಬಿ ಹರಿದು ಕುಳಿತಿತ್ತು. ಶಾಕಪ್ ಪೂರ್ತಿ ಮೇಲೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ತಡೆಯುವುದು ಅದೇ ಬಳೆ. ಚಿಮಣಿ ಎಣ್ಣೆ ಅದನ್ನು ತಿಂದುಹಾಕಿತ್ತು. ಅಪ್ಪ ಬೆರಳಲ್ಲಿ ಹಿಸುಕಿ ಮೂಸಿ ನೋಡಿದ. ಅವನ ಮುಖ ಒಂದಿಷ್ಟು ಸಡಿಲಾಯಿತು.

“ಇದು ನನ್ನ ಕೈ ಮಾಡಿದ್ದ ತಪ್ಪು. ಇದು ರಿಪೇರಿ ಆಗ್ತೈತಿ.”

ಮಾವನ ಹಿತ್ತಲಲ್ಲಿ ಟ್ರ್ಯಾಕ್ಟರಿನ ಹರಿದ ಟ್ಯೂಬ್ ಬಿದ್ದಿತ್ತು. ಅದರಿಂದ ಬಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಪೋಣಿಸಿ, ಈ ಸಲ ಒಣ ಬಟ್ಟೆಯಿಂದ ಮಾತ್ರ ಒರೆಸಿ ಜೋಡಿಸಿದೆವು. ಎತ್ತಿ ಇಳಿಸಿದ. ನನ್ನ ಮುಖ ನೋಡಿದ. ಈಗ ಟಕ್ ಇಲ್ಲ ಎಂದು ತಲೆಯಾಡಿಸಿದೆ.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಸೈಕಲ್ ತಳ್ಳಿಕೊಂಡು ನಡೆದೆ. ಇದನ್ನು ಯಾರಿಗೂ ಹೇಳುವುದು ಬೇಡ, ಮಷೀನಿನ ಮೇಲೆ ಕೈ ಇಟ್ಟು ನೋಡಿದರೆ ಸಾಕಲ್ಲ ಎಂದು ಅಪ್ಪನ ಕಿವಿಯ ಹತ್ತಿರ ಹೇಳಿದೆ. ಅವ್ವನೂ ಹೂಂ ಎಂದಳು. ಅಪ್ಪ ರಸ್ತೆಯ ನಡುವೆ ನಿಂತ.

“ನಾ ಚಾಲೂ ಮಾಡ್ರಿ ಅಂದ ಮ್ಯಾಲ ಅದರಾಗ ಕೈ ಹಾಕಾಂವ ಬ್ಯಾರೆದಾಂವ. ನನಗ ಕೇಳದ್ದಕ್ಕ ಅವನ ಕೈ ಹೋಗಬಾರದು.”

ಸೋಮವಾರ ಮುಂಜಾನೆ ನನ್ನನ್ನು ಕರೆದುಕೊಂಡೇ ಹೋದ. ಮಾಲಕರು ಮೆತ್ತಗೆ ಮಾತಾಡುತ್ತಾರೆ, ಒಂದು ಮಾತು ತಪ್ಪಿದರೂ ಕಷ್ಟ ಎಂದ. ಕ್ಯಾಬಿನ್ನಿನಲ್ಲಿ ನಿಂತುಕೊಂಡೇ ಎಲ್ಲ ಹೇಳಿದ, ಜಾಮ್ ಆದ ಲೇತಿನದೂ ಸೇರಿ; ಬೇರಿಂಗಿನ ಮಾಲಿನ ಮೇಲೆ ಹಾಕಲಿಲ್ಲ. ಮಾಲಕರು ಮೇಜಿನ ಗಾಜಿನ ಮೇಲೆ ಬೆರಳಾಡಿಸುತ್ತ ಕೇಳಿದರು. ಆಮೇಲೆ ಏನೋ ಹೇಳಿದರು, ಎಷ್ಟು ಮೆತ್ತಗೆಂದರೆ ನಾನೂ ಮುಂದೆ ಬಾಗಬೇಕಾಯಿತು. ಅಪ್ಪ ನನ್ನ ಕಡೆ ತಿರುಗಿದ.

ಅವರ ದನಿ ನನ್ನ ಗಂಟಲಲ್ಲಿ ತಯಾರಾಗಿತ್ತು; ಅದು ನನ್ನ ಚಟ. ಮಾತನ್ನು ತುಸು ಸಿಹಿ ಮಾಡಿ ಹೇಳಲೂ ಬರುತ್ತಿತ್ತು. ಎರಡನ್ನೂ ನುಂಗಿ, ನನ್ನದೇ ಕೀರಲು ದನಿಯಲ್ಲಿ, ಹೊರಗೆ ಕುಳಿತಿದ್ದ ವರ್ಕ್‌ಶಾಪಿನ ಗುಮಾಸ್ತ ತಲೆ ಎತ್ತುವಷ್ಟು ಜೋರಾಗಿ ಹೇಳಿದೆ: “ಇನ್ನ ಮ್ಯಾಲ ಮಷೀನ್ ಪಾಸ್ ಮಾಡೂದ ಬ್ಯಾಡಂತ. ಸ್ಟೋರ್ ನೋಡಕೊಂಡ ಇರಬೇಕಂತ. ಅದೂ ಮಳಿಗಾಲ ಮುಗಿಯೂತನಕ. ಮುಂದ ಗೊತ್ತಿಲ್ಲಂತ.”

ಅಪ್ಪ ತಲೆಯಾಡಿಸಿದ. ಆಗಲಿ ಎಂದ. ಆಮೇಲೆ, “ಮೊದಲ ನಾ ಪಾಸ್ ಮಾಡಿದ್ದೆಲ್ಲಾ ಇನ್ನೊಮ್ಮೆ ನೋಡಸ್ರಿ ಸಾಹೇಬರ. ತೋರಸ್ತೇನಿ” ಎಂದ.

ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು ಒಳಗೆ ಹೊರಟ. ನಾನು ಹಿಂದೆ ಹೋದೆ. ತಿರುಗುತ್ತಿದ್ದ ಮಷೀನುಗಳ ನಡುವೆ, ಕೆಲಸ ಬಿಟ್ಟು ನೋಡುತ್ತಿದ್ದವರ ಎದುರು, ಅವನು ಒಂದೊಂದರ ಬಾಜು ನಿಂತು ನೆನಪಿಸಿಕೊಂಡು ಕತ್ತರಿ ಗುರುತು ಎಳೆಯುತ್ತ ಹೋದ. ಒಂದು ಲೇತಿನ ಎದುರು ಬಹಳ ಹೊತ್ತು ನಿಂತ. ಅದು ಸಣ್ಣಗೆ ಚಿರ್ರೆನ್ನುತ್ತಿತ್ತು. ನಾನು ಅವನ ತೋಳು ಮುಟ್ಟಿದೆ. ಅಪ್ಪ ಅದರ ಮೇಲೂ ಗುರುತು ಎಳೆದ, ಬಂದ್ ಮಾಡು ಎಂದು ಅದರ ಆಪರೇಟರನಿಗೆ ಕೈ ಸನ್ನೆ ಮಾಡಿ ಮುಂದಿನದಕ್ಕೆ ಹೋದ.