ಹರಳು ಮಿನುಗುವ ಹೊತ್ತು

ಹಿರಿಯೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಲೇ ನಾನು ಪಿಎಚ್.ಡಿ.ಗೆ ಸೇರಿಕೊಂಡೆ. ಸೇರುವಾಗ ಇದ್ದ ಹುರುಪು ಎರಡನೆಯ ಬೇಸಿಗೆಗೇ ಮುಗಿದಿತ್ತು. ಶನಿವಾರ, ಭಾನುವಾರ, ರಜಾ ದಿನಗಳಲ್ಲಿ ಬೆಳಿಗ್ಗೆ ಅನ್ನ ಸಾರು ಮಾಡಿಟ್ಟು, ಚಿತ್ರದುರ್ಗದ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುವುದೊಂದೇ ನನಗೆ ಸಿಗುತ್ತಿದ್ದ ಬಿಡುವು.

ನನ್ನ ಗೈಡ್ ಹೊಳಲ್ಕೆರೆಯವರು. ರಿಟೈರ್ ಆಗಲು ಹೆಚ್ಚು ವರ್ಷ ಉಳಿದಿರಲಿಲ್ಲ. ಮಾತು ಕಡಿಮೆ. ಏನು ಕೇಳಿದರೂ ಮೊದಲು "ನೋಡಾಣಮ್ಮ" ಅನ್ನುತ್ತಿದ್ದರು. ಅವರ ಪ್ರಯೋಗಾಲಯ ಚಿತ್ರದುರ್ಗದಲ್ಲಿ, ವಿಭಾಗದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ತಾರಸಿ ಕಾದರೆ ಕೋಣೆಯೂ ಕಾಯುತ್ತಿತ್ತು. ಎ.ಸಿ. ಎಂದೋ ಕೆಟ್ಟಿತ್ತು, ರಿಪೇರಿಗೆ ಬರೆದುಕೊಟ್ಟ ಅರ್ಜಿ ಎಲ್ಲೋ ಕೂತಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಸಿಂಟಿಲೇಟರ್ ಎಂಬ ಒಂದು ಬಗೆಯ ಹರಳಿದೆ. ನೋಡಲು ಗಾಜಿನ ತುಂಡಿನಂತೆಯೇ ಇರುತ್ತದೆ. ವಿಕಿರಣದ ಕಿರಣವೊಂದು ಅದಕ್ಕೆ ತಗುಲಿದರೆ ಒಳಗೆ ಸಣ್ಣಗೆ ಬೆಳಕು ಮಿನುಗುತ್ತದೆ. ಹರಳಿನ ಬೆನ್ನಿಗೆ ಅಂಟಿಸಿದ ಸೆನ್ಸರ್ ಆ ಬೆಳಕನ್ನು ಹಿಡಿದು, ಕಿರಣ ಬಂದ ಹೊತ್ತನ್ನು ಹೇಳುತ್ತದೆ. ನಾವು ಮೇಜಿನ ಮೇಲೆ ಎದುರುಬದುರಾಗಿ ಎರಡು ಹರಳಿಟ್ಟು, ಸರಿಯಾಗಿ ನಡುವೆ ವಿಕಿರಣ ಸೂಸುವ ಪುಟ್ಟ ಬಿಲ್ಲೆ ಇಡುತ್ತಿದ್ದೆವು. ಅದರಿಂದ ಜೋಡಿ ಕಿರಣಗಳು ಒಂದೇ ಗಳಿಗೆಯಲ್ಲಿ ಹೊರಟು, ಒಂದು ಆ ಕಡೆ, ಒಂದು ಈ ಕಡೆ ಹೋಗುತ್ತವೆ. ಎರಡೂ ಹರಳು ಒಂದೇ ಹೊತ್ತು ಹೇಳಬೇಕು. ಹೇಳುತ್ತಿರಲಿಲ್ಲ. ಒಮ್ಮೆ ಇದು ಮುಂದೆ, ಒಮ್ಮೆ ಅದು ಮುಂದೆ. ವ್ಯತ್ಯಾಸ ಸೆಕೆಂಡಿನ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಅದೆಲ್ಲ ಸೇರಿ ಒಂದು ಗುಡ್ಡದ ಆಕಾರ ಮೂಡುತ್ತಿತ್ತು. ಹೊತ್ತಿನ ವ್ಯತ್ಯಾಸ ಹೆಚ್ಚಿದಷ್ಟೂ ಗುಡ್ಡ ದಪ್ಪ. ಆ ಗುಡ್ಡವನ್ನು ಸಪೂರ ಮಾಡುವುದೇ ನನ್ನ ಪಿಎಚ್.ಡಿ.

ಹರಳಿಗೆ ಹೊಳೆಯುವ ಹಾಳೆ ಸುತ್ತಿ ನೋಡಿದೆ. ಅದನ್ನು ಬಿಚ್ಚಿ, ನಲ್ಲಿ ರಿಪೇರಿಗೆ ಬಳಸುವ ಬಿಳಿ ಟೇಪು ಸುತ್ತಿದೆ. ಹರಳಿಗೂ ಸೆನ್ಸರಿಗೂ ನಡುವೆ ಹಚ್ಚುವ ಗ್ರೀಸು ಬದಲಾಯಿಸಿದೆ. ಒಂದು ವಾರ ಗುಡ್ಡ ಕೊಂಚ ತೆಳ್ಳಗಾದಂತೆ ಕಾಣುತ್ತಿತ್ತು, ಮುಂದಿನ ವಾರ ಅದೇ ಹರಳು ಅದೇ ಟೇಪಿನಲ್ಲಿ ಮತ್ತೆ ದಪ್ಪ. ಹೊಳೆಯುವ ಹಾಳೆಯೇ ಮೇಲು ಅಂತ ಹೇಗೋ ಒಂದು ತೀರ್ಮಾನಕ್ಕೆ ಬಂದೆವು. ಗೈಡ್ ಅದನ್ನು ವಿಭಾಗದ ಸೆಮಿನಾರಿನಲ್ಲೂ ಹೇಳಿದರು. ನನಗೇನೂ ಖುಷಿಯಾಗಲಿಲ್ಲ. ಮುಗಿದರೆ ಸಾಕಾಗಿತ್ತು.

ಆ ವರ್ಷವೇ ಅಕ್ಕನ ಕೊರಳಲ್ಲಿ ಗಂಟು ಕಾಣಿಸಿಕೊಂಡಿದ್ದು.

ನಮ್ಮದು ಯಲ್ಲದಕೆರೆ. ಅಕ್ಕನನ್ನು ಕೊಟ್ಟಿದ್ದೂ ಅದೇ ಊರಿಗೆ. ಕುರಿಯವರ ಮನೆ. ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಓದುತ್ತಿದ್ದಾಗ ಅವಳು ಭಾವನ ಜೊತೆ ಮಂದೆ ಹಿಂದೆ ತಿರುಗುತ್ತಿದ್ದಳು. ಒಮ್ಮೆ ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು ಬಲಭುಜ ಮುರಿದುಕೊಂಡಿದ್ದಳು. ಅವತ್ತಿನಿಂದ ಆ ಕೈ ತಲೆಯ ಮಟ್ಟಕ್ಕೆ ಏಳುತ್ತಿರಲಿಲ್ಲ. ತಲೆಯನ್ನೂ ಎಡಗೈಯಲ್ಲೇ ಬಾಚಿಕೊಳ್ಳುತ್ತಿದ್ದಳು.

ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್, ಆದರೆ ವಾಸಿಯಾಗುವ ಬಗೆಯದು, ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ಸ್ಕ್ಯಾನ್ ಮಾಡಿಸಿ ಅಂದರು. ಅದಕ್ಕೆ ಬೆಂಗಳೂರಿಗೆ ಹೋದೆವು. ಅಲ್ಲಿ ಅಕ್ಕನಿಗೆ ವಿಕಿರಣ ಬೆರೆಸಿದ ಸೂಜಿಮದ್ದು ಕೊಟ್ಟು ಬೇರೆ ಕೋಣೆಯಲ್ಲಿ ಕೂರಿಸಿದರು. ಹತ್ತಿರ ಹೋಗಬೇಡಿ ಅಂದರು. ಬಾಗಿಲಿನ ಗಾಜಿನಿಂದ ನೋಡಿದೆ. ಹೊಸ ಜಾಗದಲ್ಲಿ ಕಟ್ಟಿಹಾಕಿದ ಮರಿಯಂತೆ ಮೂಲೆಯಲ್ಲಿ ಮುದುಡಿ ಕೂತಿದ್ದಳು.

ಸ್ಕ್ಯಾನ್ ಮಾಡುವ ಯಂತ್ರ ದೊಡ್ಡ ಬಳೆಯಂತಿತ್ತು, ಅದರ ತುಂಬ ನನ್ನ ಮೇಜಿನ ಮೇಲಿದ್ದಂಥವೇ ಹರಳುಗಳು. ಸೂಜಿಮದ್ದು ಗಂಟುಗಳಲ್ಲಿ ಹೋಗಿ ಸೇರುತ್ತದೆ, ಅಲ್ಲಿಂದ ಜೋಡಿ ಕಿರಣ ಹೊರಡುತ್ತವೆ, ಎದುರುಬದುರು ಹರಳುಗಳು ಹಿಡಿಯುತ್ತವೆ. ಇದನ್ನೆಲ್ಲ ಓದಿ ತಿಳಿದಿದ್ದೆ, ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ. ಅಕ್ಕ ಅದರೊಳಗೆ ಮಲಗುವಳೆಂದು ಎಣಿಸಿರಲಿಲ್ಲ.

ಹೊರಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಕೈ ಎರಡೂ ತಲೆ ಮ್ಯಾಲೆ ಇಟ್ಕಂಡು ಅಲುಗಾಡದಂಗೆ ಮಲಿಕ್ಕ ಅಂದ್ರು ಕಣೇ. ಈ ಭುಜ ಎಲ್ಲಿ ಏಳ್ತದೆ? ಎತ್ತಿ ಕಟ್ಟಿದ್ರು. ನಡುಗಿಬಿಡ್ತು. ಪಟ ಕೆಟ್ಟೋತು ಅಂತ ಮತ್ತೆ ಮಲಗಿಸಿದ್ರು."

"ಹೇಳಬೇಕಿತ್ತಲ್ಲಕ್ಕ, ಕೈ ಏಳಲ್ಲ ಅಂತ."

"ಹೇಳ್ದೆ. ಸ್ವಲ್ಪ ತಡಕಳಮ್ಮ ಅಂದ್ರು. ತಡಕಂಡೆ." ಭುಜ ನೀವಿಕೊಳ್ಳುತ್ತ ಕೇಳಿದಳು, "ಅಷ್ಟೊತ್ತು ಯಾಕೆ ಬೇಕೇ ಅದಕ್ಕೆ?"

ಬಸ್ಸಿಗೆ ಕಾಯುತ್ತ ಜನರಿಂದ ದೂರದ ಬೆಂಚಿನಲ್ಲಿ ಕೂತು ನನಗೆ ತಿಳಿದಂತೆ ಹೇಳಿದೆ. "ಒಂದು ಪಟಾಕಿ ಹೊಡೀತು ಅನ್ಕಾ. ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತಿದಾನೆ. ಯಾರಿಗೆ ಮೊದಲು ಕೇಳ್ತು, ಎಷ್ಟು ಮೊದಲು ಕೇಳ್ತು ಅಂತ ಸರಿಯಾಗಿ ಗೊತ್ತಾದ್ರೆ, ಎಲ್ಲಿ ಹೊಡೀತು ಅಂತ ಹೇಳ್ಬೋದು. ಅವ್ರು ಅಂದಾಜಿನ ಮ್ಯಾಲೆ ಹೇಳಿದ್ರೆ ಬಾಳ ಪಟಾಕಿ ಹೊಡೀಬೇಕು, ಬಾಳ ಹೊತ್ತು ಕೇಳಿಸ್ಕಬೇಕು."

"ನೀನು ದುರ್ಗದಾಗೆ ಮಾಡಾದು ಇದೇನಾ?"

"ಹೂಂ. ಸರಿಯಾಗಿ ಕೇಳಿಸ್ಕಳಾದು."

"ಹಂಗಾರೆ ಬ್ಯಾಗನೆ ಮಾಡೇ ತಾಯಿ" ಅಂದು ಕಣ್ಣು ಮುಚ್ಚಿಕೊಂಡಳು.

ಅವಳ ಮಾತಿನಿಂದ ನನಗೆ ಹುಮ್ಮಸ್ಸೇನೂ ಬರಲಿಲ್ಲ, ಸುಸ್ತು ಇನ್ನಷ್ಟು ಹೆಚ್ಚಿತು. ಸ್ಕ್ಯಾನಿನಲ್ಲಿ ಎದೆಯೊಳಗೂ ಗಂಟು ಕಂಡಿತ್ತು, ಅಕ್ಕನ ಕಿಮೋ ಶುರುವಾಯಿತು. ಕಾಲೇಜು, ಅಕ್ಕನ ಆಸ್ಪತ್ರೆ, ದುರ್ಗದ ಬಸ್ಸು, ಮನೆ. ಯಾವುದರಲ್ಲೂ ಪೂರ್ತಿ ಮನಸ್ಸಿರಲಿಲ್ಲ.

ಬೇಸಿಗೆಯ ಒಂದು ಶನಿವಾರ, ಅಳತೆ ಶುರು ಮಾಡಿ ಕೂತಿದ್ದೆ. ಸಂಜೆಯವರೆಗೂ ಒಂದೇ ಸಮ ನಡೆಯಬೇಕಾದ ಅಳತೆ. ಕರೆಂಟು ಹೋಯಿತು. ಬಂತು. ಮತ್ತೆ ಶುರು ಮಾಡಿದೆ. ಮತ್ತೆ ಹೋಯಿತು. ಹೀಗೇ ಸಂಜೆಯವರೆಗೂ ನಡೆದು, ಒಂದು ಉದ್ದ ಅಳತೆಯ ಬದಲು ಕೈಯಲ್ಲಿ ಉಳಿದದ್ದು ತುಂಡು ತುಂಡು. ಅಳು ಬರುವಂತಾಯಿತು. ದಿನವೆಲ್ಲ ಹಾಳಾಯಿತಲ್ಲ ಅಂತ, ಏನು ಮಾಡಲೂ ತೋಚದೆ, ತುಂಡುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂತೆ.

ಪ್ರತಿ ತುಂಡಿನಲ್ಲೂ ಗುಡ್ಡ ಸಪೂರವಾಗಿತ್ತು. ನಾನು ಅದುವರೆಗೆ ಕಂಡದ್ದಕ್ಕಿಂತ ಸಪೂರ. ಆದರೆ ಒಂದೊಂದೂ ಒಂದೊಂದು ಜಾಗದಲ್ಲಿ ನಿಂತಿತ್ತು. ಮೊದಲಿನದು ನಡುವೆ, ಆಮೇಲಿನದು ಕೊಂಚ ಬಲಕ್ಕೆ, ಹೊತ್ತು ಇಳಿದಾಗಿನದು ಇನ್ನೂ ಬಲಕ್ಕೆ. ಎಲ್ಲ ಸೇರಿಸಿದರೆ ಮಾತ್ರ ಅದೇ ಹಳೆಯ ದಪ್ಪ ಗುಡ್ಡ.

ತಲೆಯೆತ್ತಿ ನೋಡಿದೆ. ಪಡುವಣದ ಕಿಟಕಿಯಿಂದ ಬಿಸಿಲು ಬಂದು ಮೇಜಿನ ಒಂದು ತುದಿಯ ಮೇಲೆ ಬಿದ್ದಿತ್ತು. ಹರಳು, ಸೆನ್ಸರ್ ಕೂರಿಸಿದ ಆ ತುದಿಯ ಡಬ್ಬಿ ಮುಟ್ಟಿದೆ, ಬೆಚ್ಚಗಿತ್ತು. ಈಚಿನದು ಅಷ್ಟಿರಲಿಲ್ಲ. ಸೆನ್ಸರ್ ಬಿಸಿಯಾದಂತೆ ಅದರ ಸಿಗ್ನಲ್ಲು ಕುಗ್ಗುತ್ತದೆ, ಸಿಗ್ನಲ್ಲು ಕುಗ್ಗಿದರೆ ಹೊತ್ತನ್ನು ತಡವಾಗಿ ಹೇಳುತ್ತದೆ. ಪುಸ್ತಕದಲ್ಲಿ ಇರುವುದೇ. ಕೋಣೆಯೆಲ್ಲ ಒಂದೇ ಸಮ ಕಾದರೆ ಎರಡೂ ಹೆಚ್ಚುಕಮ್ಮಿ ಸಮನಾಗಿ ತಡವಾಗುತ್ತವೆ ಎಂದು ನಾವು ಅದನ್ನು ಬದಿಗಿಟ್ಟಿದ್ದೆವು. ಬಿಸಿಲು ಒಂದೇ ಡಬ್ಬಿಯ ಮೇಲೆ ಬೀಳುತ್ತದೆಂದು ಯೋಚಿಸಿರಲಿಲ್ಲ.

ಸೋಮವಾರ ಗೈಡಿಗೆ ಫೋನು ಮಾಡಿದೆ. ಮುಂದಿನ ಶನಿವಾರ ಅವರೂ ಪಕ್ಕದಲ್ಲಿ ಕೂತು ನೋಡಿದರು. ನೋಡಾಣಮ್ಮ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾರೆ ಟೇಪು, ಹಾಳೆ, ಗ್ರೀಸು, ಇಲ್ಲೀಗಂಟ ನಾವು ನೋಡಿದ್ದೆಲ್ಲ ಬಿಸಿಲಿನ ಆಟ."

"ಹೌದು ಸರ್."

"ಎಲ್ಲಾನೂ ಮತ್ತೆ ಮಾಡ್ಬೇಕಲ್ಲಮ್ಮ."

"ಹೌದು ಸರ್."

ಆಮೇಲೆ ಅವರೇ ಎದ್ದು ಹೋಗಿ ಇಬ್ಬರಿಗೂ ಚಹಾ ತಂದರು. ಅದಕ್ಕೆ ಮೊದಲು ಎಂದೂ ತಂದಿರಲಿಲ್ಲ.

ಥರ್ಮಕೋಲ್ ಪೆಟ್ಟಿಗೆಯಲ್ಲಿ ಎರಡು ಡಬ್ಬಿಗಳನ್ನೂ ಇಟ್ಟು ಐಸ್ ತುಂಬಿದೆವು. ಒಳಗೆಲ್ಲ ಬೆವರಿ, ನೀರು ತೊಟ್ಟಿಕ್ಕಿ, ಒಂದು ತಂತಿ ಶಾರ್ಟ್ ಆಯಿತು. ಐಸ್ ತೆಗೆದು, ಕರೆಂಟಿನಿಂದ ತಣ್ಣಗಾಗುವ ಪಟ್ಟಿ ಕೂರಿಸಿ, ತೇವ ಹೀರುವ ಪೊಟ್ಟಣಗಳನ್ನಿಟ್ಟೆವು. ಕಿಟಕಿಗೆ ಹಳೆಯ ಫ್ಲೆಕ್ಸ್ ಕಟ್ಟಿದೆವು. ಗುಡ್ಡ ಜಾರುವುದು ನಿಂತಿತು.

ಮತ್ತೆ ಮೊದಲಿನಿಂದ ಹಾಳೆ ಸುತ್ತಿ, ಬಿಚ್ಚಿ, ಟೇಪು ಸುತ್ತಿದೆ. ಹಿಂದಿನ ತೀರ್ಮಾನ ತಲೆಕೆಳಗಾಯಿತು. ಹೊಳೆಯುವ ಹಾಳೆಗಿಂತ ನಲ್ಲಿ ಟೇಪೇ ಮೇಲು. ಗೈಡ್ ಅದೇ ಸೆಮಿನಾರಿನಲ್ಲಿ ಎದ್ದು ನಿಂತು, "ಹೋದ್ಸಲ ನಾನು ಹೇಳಿದ್ದು ತಪ್ಪು, ಯಾರಾದ್ರೂ ಬರ್ಕಂಡಿದ್ರೆ ಹೊಡೆದುಹಾಕ್ರಿ" ಅಂದರು. ಬಹಳ ಜನ ಮೊಬೈಲು ನೋಡುತ್ತಿದ್ದರು. ಅವರು ಮಾತ್ರ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿಯೇ ಕೂತರು. ಅವತ್ತು ನನಗೆ ಅವರ ಮೇಲೆ ಬಹಳ ಅಕ್ಕರೆ ಬಂತು.

ನಮ್ಮ ಗುಡ್ಡ ಸಪೂರವಾಯಿತು, ನಿಜ. ಹೊರದೇಶಗಳಲ್ಲಿ ಅದಾಗಲೇ ಇನ್ನೂ ಸಪೂರ ಮಾಡಿದ್ದರು. ನಮ್ಮ ಪ್ರಬಂಧವನ್ನು ಒಂದು ಸಣ್ಣ ಪತ್ರಿಕೆ ಹಾಕಿತು.

ಕಿಮೋ ಮುಗಿದ ಮೇಲೆ ಅಕ್ಕನಿಗೆ ಇನ್ನೊಮ್ಮೆ ಸ್ಕ್ಯಾನು. ಅದೇ ಆಸ್ಪತ್ರೆ, ಅದೇ ಯಂತ್ರ. ಈ ಸಲ ನಾನೇ ಮೊದಲು ಒಳಗೆ ಹೋಗಿ, ಭುಜದ ಸಂಗತಿ ಹೇಳಿ, ಕೈ ಪಕ್ಕದಲ್ಲೇ ಇಟ್ಟುಕೊಂಡು ಮಲಗಬಹುದೇ ಅಂತ ಕೇಳಿದೆ. ಪಟ ಸ್ವಲ್ಪ ಮಂಜಾಗುತ್ತದೆ, ಪರವಾಗಿಲ್ಲ ಅಂದರು. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಮಾಡಿದ ಉಪಕಾರ ಅದೊಂದೇ.

"ನಿನ್ ಹೊಸಾ ಮಿಷನ್ನು ಬಂತೇನೇ?" ಹೊರಗೆ ಬಂದು ಕೇಳಿದಳು.

"ಇಲ್ಲಕ್ಕ. ನಾವು ಮಾಡಿದ್ದು ಇಲ್ಲೀಗಂಟ ಬರಲ್ಲ. ಬಂದ್ರೂ ಯಾವ ಕಾಲಕ್ಕೋ."

"ಬರ್ಲಿ ಬಿಡು, ಯಾರಿಗೋ ಆಗ್ತದೆ. ನಡಿ, ಹೋಗಾಣ. ಹೊಟ್ಟೆ ಹಸೀತೈತೆ."

ಕೊರಳಲ್ಲಿ, ಎದೆಯಲ್ಲಿ ಏನೂ ಉಳಿದಿಲ್ಲವೆಂದು ರಿಪೋರ್ಟು ಬಂತು. ಅಕ್ಕ ಮಂದೆಯ ಹಿಂದೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಮರಿಗಳನ್ನು ನೋಡಿಕೊಂಡಿದ್ದಾಳೆ. ಕೂದಲು ಗುಂಗುರು ಗುಂಗುರಾಗಿ ಬೆಳೆದಿದೆ. ಗೈಡ್ ರಿಟೈರ್ ಆಗಿ ಹೊಳಲ್ಕೆರೆಯಲ್ಲಿದ್ದಾರೆ. ಅವರ ಪ್ರಯೋಗಾಲಯದ ಬೀಗದ ಕೈ ಈಗ ನನ್ನ ಬಳಿ ಇದೆ. ಪದವಿ ಬಂದರೂ ಆ ಕೆಲಸ ಬಿಡಲಾಗಿಲ್ಲ. ಆಸ್ಪತ್ರೆಯ ಯಂತ್ರದಲ್ಲಿರುವಷ್ಟು ಉದ್ದನೆಯ ಹರಳಿನ ಅಳತೆ ಬಾಕಿ ಇದೆ, ಅದು ಇನ್ನೂ ತೊಂದರೆ ಕೊಡುತ್ತದೆ. ಈ ಶನಿವಾರ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ದುರ್ಗದವರೆಗೂ ನಿಂತೇ ಹೋದೆ.