ಅವ್ವನ ಕಣ್ಣಿಗೆ ಲೇಸರ್: ಲಿಂಗಸುಗೂರಿನಿಂದ ಸಿಂಧನೂರಿಗೆ

೨೦೨೪ ನವೆಂಬರ್ ೧೨, ಮಂಗಳವಾರ. ಬೆಳಿಗ್ಗೆ ೬.೨೦ಕ್ಕೆ ಲಿಂಗಸುಗೂರಿನಿಂದ ಸಿಂಧನೂರಿನ ಬಸ್ಸು ಹೊರಟಿತು. ನನಗೂ ಅವ್ವನಿಗೂ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್. ಅವ್ವ ಅಂಗನವಾಡಿ ಶಿಕ್ಷಕಿ. ಅವಳಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾಗಿ ಎರಡು ವರ್ಷವಾಯಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆಯುವ ಕಾಯಿಲೆ. ನೋಟ ಅಂಚಿನಿಂದ ಹೋಗುತ್ತದೆ. ದಿನಾ ಹಾಕಲು ಕಣ್ಣಿನ ಹನಿ ಕೊಟ್ಟಿದ್ದರು; ಆಮೇಲಿನ ಆರು ತಪಾಸಣೆಗಳಲ್ಲಿ ಒಮ್ಮೆಯೂ ಒತ್ತಡ ಹದಿನೇಳು ದಾಟಿರಲಿಲ್ಲ. ಆದರೂ ಎಡಗಡೆಯದು ಅವಳಿಗೆ ಕಾಣದಂತಾಗುತ್ತಿತ್ತು. ಡಾಕ್ಟರು ಹಿಂದಿನ ದಿನವಷ್ಟೇ ಫೋನ್ ಮಾಡಿಸಿ, ಲೇಸರ್‌ಗೆ ಬರಹೇಳಿದ್ದರು.

ಸಂತೆಕಲ್ಲೂರು ದಾಟುವಾಗ ಚಳಿಗಾಳಿ ಇತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಅವ್ವ ಗೆಲುವಾಗಿದ್ದಳು. "ಲೇಸರ್ ಆದ ಮ್ಯಾಲ ನಿನ್ನ ತಲ್ಯಾಗಿನ ಹೇನೂ ಕಾಣ್ತಾವ ನೋಡು" ಎಂದಳು.

ಆಸ್ಪತ್ರೆಯಲ್ಲಿ ಮೊದಲು ಒತ್ತಡ ಅಳೆದರು. ಮೂವತ್ತೊಂದು. ಡಾಕ್ಟರು ಎರಡು ಸಲ ಅಳೆದು, ಹನಿ ದಿನಾ ಹಾಕುತ್ತೀರಾ ಎಂದು ಕೇಳಿದರು. ಅವ್ವ ಸೆರಗು ಸರಿಪಡಿಸಿಕೊಂಡಳು.

"ಹಾಕ್ಕೊಂಡ್ರ ಕಣ್ಣು ಕೆಂಪಾಗ್ತಿದ್ವು ರೀ. ಕಣ್ಣಬ್ಯಾನಿ ಅಂತ ತಾಯಂದ್ರು ಕೂಸುಗಳ್ನ ಕಳಸ್ತಿರಲಿಲ್ಲ. ಇಲ್ಲಿಗೆ ಬರೂ ಮುಂದ ನಾಕ್ ದಿನ ಅಷ್ಟ ಹಾಕ್ಕೊಂತಿದ್ದೆ. ಈ ಸಲ ನಿನ್ನೇನ ಫೋನ್ ಬಂತು."

ಮೊದಲೇ ಹೇಳಿದ್ದರೆ ಬೇರೆ ಹನಿ ಬರೆದುಕೊಡುತ್ತಿದ್ದೆ ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಲೇಸರ್ ಹತ್ತು ನಿಮಿಷವೂ ಹಿಡಿಯಲಿಲ್ಲ. ಗದ್ದವನ್ನು ಯಂತ್ರದ ಮೇಲಿಟ್ಟು, ಕಣ್ಣಿಗೆ ಗಾಜು ತಾಗಿಸಿ ಬೆಳಕು ಹಾಯಿಸಿದರು. ನೋವಾಗಲಿಲ್ಲವಂತೆ. ಒಂದು ತಾಸಿನ ನಂತರ ಒತ್ತಡ ಇಪ್ಪತ್ತನಾಲ್ಕಕ್ಕೆ ಇಳಿದಿತ್ತು. ಲೇಸರಿನ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕೆಂದರು.

"ಎಡಕ್ಕ ಯಾವಾಗ ಕಾಣಸ್ತೈತ್ರೀ?" ಅವ್ವ ಕೇಳಿದಳು.

"ಹೋದ ನೋಟ ಬರೂದಿಲ್ರೀ ಟೀಚರ್. ಇದು ಉಳಿದದ್ದನ್ನ ಉಳಿಸಾಕ."

ಮೂರು ಗಂಟೆಯ ಬಸ್ಸಿಗೆ ಮರಳಿದೆವು. ಮಸ್ಕಿಯಲ್ಲಿ ಒಬ್ಬಾಕೆ ಹತ್ತಿ, ಮೂರು ವರ್ಷದ ಮಗಳನ್ನು ಅವ್ವನ ಎಡಕ್ಕೆ ಕೂರಿಸಿ ಗಂಟು ಮೇಲಿಡತೊಡಗಿದಳು. ಅವ್ವ ತೊಡೆಯ ಮೇಲಿನ ಚೀಲ ಎತ್ತಿ, ಆ ಜಾಗ ಖಾಲಿಯೆಂದು ತಿಳಿದು ಅಲ್ಲಿಟ್ಟಳು. ಕೂಸು ಚೀಲದಡಿ ಚೀರಿತು.

"ಕಣ್ಣ ಕಾಣಂಗಿಲ್ಲೇನ್ ಬೇ ನಿನಗ?" ಎಂದಳು ತಾಯಿ.

"ಇಲ್ಲವ್ವ" ಎಂದಳು ಅವ್ವ. "ಕಾಣಂಗಿಲ್ಲ."

ಕೂಸನ್ನು ರಮಿಸಲು ಅವ್ವ ಕೈ ಚಾಚಲಿಲ್ಲ. ಊರು ಬರುವವರೆಗೂ ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಇಳಿದ ಮೇಲೆ, ಇನ್ನು ಅಂಗನವಾಡಿಗೆ ಹೋಗುವುದಿಲ್ಲ ಎಂದಳು.

ಅಂಚಿನ ನೋಟ ಕಳೆದುಕೊಂಡೂ ಸಣ್ಣ ಮಕ್ಕಳ ನಡುವೆ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ, ಹೇಗೆ ನಿಭಾಯಿಸುತ್ತೀರಿ ಎಂದು ದಯವಿಟ್ಟು ಬರೆಯಿರಿ. ಅವ್ವನಿಗೆ ಓದಿ ಹೇಳುತ್ತೇನೆ.